ಒಂದು ನಿಮಿಷ, ಯಾರೂ ಅಲುಗಾಡಬೇಡಿ

ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಇನ್ನೊಂದು ಪೂಜೆ ನಡೆಯುತ್ತಿತ್ತು. ಪ್ರತಿ ವರ್ಷವಲ್ಲ, ಒಂದು ವರ್ಷ ಬಿಟ್ಟು ಒಂದು ವರ್ಷ. ಅದಕ್ಕೆ ಮಂತ್ರವಿಲ್ಲ, ನೈವೇದ್ಯವಿಲ್ಲ. ಮಡಿ ಮಾತ್ರ ಬಹಳ: ಯಾರೂ ಮಾತಾಡಬಾರದು, ಯಾರೂ ಅಲುಗಾಡಬಾರದು. ಅಪ್ಪ ಫ್ಯಾನು ಆರಿಸಿ, ಕಿಟಕಿಯ ಬೆಳಕಿಗೆ ಚಾಪೆ ಎಳೆದುಕೊಂಡು, ಮೇಲೊಂದು ಬಿಳಿ ಟವೆಲ್ ಹಾಸಿ ಕೂರುತ್ತಿದ್ದರು. ಎದುರಿಗೆ ಅಮ್ಮ, ಕೈಯಲ್ಲಿ ಅಪ್ಪನ ಮದುವೆಯ ಎಚ್‌ಎಂಟಿ ವಾಚು. ಪಕ್ಕದಲ್ಲಿ ನಾನು, ಅರಿಶಿನ ಕುಂಕುಮದ ತಟ್ಟೆ ಹಿಡಿದ ಹಾಗೆ ಸ್ಟೀಲ್ ತಟ್ಟೆ ಹಿಡಿದುಕೊಂಡು. ತಟ್ಟೆಯಲ್ಲಿ ಮೂರು ಗುಂಡಿ ಸೆಲ್ಲು, ಪ್ಲಸ್ ಗುರುತು ಮೇಲಕ್ಕೆ. ಟವೆಲ್ಲಿನ ಮೇಲೆ ಬೋರಲು ಮಲಗಿದ್ದ ದೇವರ ಹೆಸರು ಎಚ್‌ಪಿ-42ಎಸ್. ಜಾತಿಯಲ್ಲಿ ಕ್ಯಾಲ್ಕುಲೇಟರ್.

“ಹೂಂ, ಶುರು,” ಅನ್ನುತ್ತಿದ್ದರು ಅಪ್ಪ. ಮುಚ್ಚಳ ಜಾರಿಸಬೇಕು, ಹಳೆಯ ಸೆಲ್ಲುಗಳನ್ನು ಅಂಗೈಗೆ ಉದುರಿಸಬೇಕು, ಹೊಸವನ್ನು ಒಂದರ ಹಿಂದೊಂದು ಕೂರಿಸಬೇಕು, ಮತ್ತೆ ಮುಚ್ಚಬೇಕು. ಇಷ್ಟೂ ಒಂದು ನಿಮಿಷದೊಳಗೆ. ಅಮ್ಮ ಹತ್ತು ಸೆಕೆಂಡಿಗೊಮ್ಮೆ ಎಣಿಕೆ ಹೇಳುವಳು. “ಹತ್ತು… ಇಪ್ಪತ್ತು…” ಮೂವತ್ತು ದಾಟಿದರೆ ಅಪ್ಪನ ಕಿವಿ ಕೆಂಪಾಗುತ್ತಿತ್ತು. ಎಲ್ಲ ಮುಗಿದ ಮೇಲೆ ಯಂತ್ರವನ್ನು ಮಗುಚಿ, ಎಡಗಡೆಯ ಮೂಲೆಯ ಗುಂಡಿ ಒತ್ತಿ, ಪರದೆ ನೋಡಿ, “ಇದೆ” ಅನ್ನುತ್ತಿದ್ದರು. ಆ ಒಂದು ಮಾತಿಗೆ ಫ್ಯಾನು ತಿರುಗುತ್ತಿತ್ತು, ಅಮ್ಮ ಅರ್ಧಕ್ಕೆ ಬಿಟ್ಟ ಒಗ್ಗರಣೆಗೆ ಏಳುತ್ತಿದ್ದಳು, ನನಗೆ ಕೆಮ್ಮುವ ಸ್ವಾತಂತ್ರ್ಯ ಬರುತ್ತಿತ್ತು.

ಮಾರನೇ ದಿನ ಅದೇ ಕ್ಯಾಲ್ಕುಲೇಟರ್ ಆಫೀಸಿನ ಜೀಪು, ಎತ್ತರ ಅಳೆಯುವ ಡಂಪಿ ಲೆವೆಲ್ಲುಗಳ ಸಾಲಿನಲ್ಲಿ ಕೂತು ಕುಂಕುಮ ಇಡಿಸಿಕೊಳ್ಳುತ್ತಿತ್ತು. ಏಳರ ಗುಂಡಿಯ ಸಂದಿಯಲ್ಲಿ ಆ ಕುಂಕುಮ ಈಗಲೂ ಇದೆ.

ಅದು ನಮ್ಮ ಮನೆಗೆ ಬಂದದ್ದು 1990ರಲ್ಲಿ, ಅಮೆರಿಕದಿಂದ ರಜೆಗೆ ಬಂದ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ, ಬಾದಾಮಿ ಪೊಟ್ಟಣಕ್ಕೂ ಶೇವಿಂಗ್ ಕ್ರೀಮಿಗೂ ನಡುವೆ. ಎರಡು ವರ್ಷ ಹಿಂದೆಯಷ್ಟೇ, 1988ರಲ್ಲಿ, 120 ಡಾಲರಿಗೆ ಅಲ್ಲಿ ಮಾರಾಟಕ್ಕೆ ಬಂದಿತ್ತು. ನನಗೆ ಆಗ ಒಂದು ವರ್ಷ. ಮನೆಗೆ ಬಂದ ಮೊದಲ ವಾರವೇ ನಾನು ಅದನ್ನು ಕಚ್ಚಿ ಜೊಲ್ಲು ಸುರಿಸಿದ್ದೇನೆ ಎಂಬುದು ಅಮ್ಮನ ಹೇಳಿಕೆ. ಆಮೇಲೆ ನಾನು ಅದಕ್ಕೆ ಮಾಡಿದ ಅನ್ಯಾಯಕ್ಕೆ ಅದೇ ಮುನ್ನುಡಿ ಇರಬೇಕು.

ಅಪ್ಪ ಆಗ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಜೂನಿಯರ್ ಎಂಜಿನಿಯರ್. ಶಹಾಪುರದ ಹತ್ತಿರದ ಭೀಮರಾಯನಗುಡಿ ಕ್ಯಾಂಪಿನಲ್ಲಿ ನಮ್ಮ ವಾಸ. ಮೈಸೂರು ಕಡೆಯ ನಮಗೆ ಅಲ್ಲಿಯ ಬಿಸಿಲು ಹೊಸದು, ಖಟಕ್ ರೊಟ್ಟಿ ಹೊಸದು, “ಯಾಕ್ರೀ ಸಾಹೇಬ್ರ” ಎಂಬ ಆತ್ಮೀಯ ಗದರಿಕೆ ಹೊಸದು. ನಾರಾಯಣಪುರದ ಎಡದಂಡೆಯಿಂದ ಹೊರಟ ನೀರು ದೊಡ್ಡ ಕಾಲುವೆಯಿಂದ ಶಾಖಾ ಕಾಲುವೆಗೆ, ಅಲ್ಲಿಂದ ವಿತರಣಾ ಕಾಲುವೆಗೆ, ಕೊನೆಗೆ ಹೊಲಗಾಲುವೆಗೆ ಇಳಿಯಬೇಕು. ಇಳಿಯಬೇಕು ಎಂದೇನೋ ಅಂದೆ; ದೊಡ್ಡ ಕಾಲುವೆಗಳಲ್ಲಿ ಹತ್ತು ಸಾವಿರ ಅಡಿ ನಡೆದರೆ ಒಂದಡಿ ಇಳಿಯುವಂಥ ಇಳಿಜಾರು. ಕಣ್ಣಿಗೆ ಅದು ಸಮತಟ್ಟೇ. ನೀರಿಗೆ ಮಾತ್ರ ಗೊತ್ತಾಗುತ್ತದೆ, ಮತ್ತೆ ಲೆವೆಲ್ ಪುಸ್ತಕಕ್ಕೆ.

ಕಾಲುವೆಯ ಲೆಕ್ಕಕ್ಕೆ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಒಂದು ಸೂತ್ರವಿದೆ. ಒಳ್ಳೆಯ ಸೂತ್ರ, ಆದರೆ ಒಂದು ದಿಕ್ಕಿಗೆ ಮಾತ್ರ ಸಲೀಸಾಗಿ ಓಡುವ ಎತ್ತಿನ ಹಾಗೆ. ನೀರು ಇಷ್ಟು ಆಳ ಇದೆ, ಎಷ್ಟು ಹರಿಯುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತದೆ. ಇಷ್ಟು ನೀರು ಬಿಡುತ್ತೇವೆ, ಎಷ್ಟು ಆಳಕ್ಕೆ ನಿಲ್ಲುತ್ತದೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಒಂದು ಆಳ ಊಹಿಸು, ಹಾಕು, ಹೆಚ್ಚಾಯಿತು, ಇಳಿಸು, ಕಮ್ಮಿಯಾಯಿತು, ಏರಿಸು. ಲಾಗ್ ಪುಸ್ತಕ ಹಿಡಿದು ಹೀಗೆ ಏರಿಸಿ ಇಳಿಸುವುದರಲ್ಲಿ ಅಪ್ಪನ ಅರ್ಧ ಯೌವನ ಕಳೆದಿತ್ತು. ಹೊಸ ಯಂತ್ರಕ್ಕೆ ಆ ಏರಿಸಿ ಇಳಿಸುವ ಕೆಲಸವನ್ನು ಒಪ್ಪಿಸಬಹುದಿತ್ತು. ಅದು ಒಂದಷ್ಟು ಹೊತ್ತು ಯೋಚಿಸಿ ಉತ್ತರ ಕೊಡುತ್ತಿತ್ತು. ಅಷ್ಟರಲ್ಲಿ ಅಪ್ಪ ಒಂದು ಲೋಟ ಚಹಾ ಕುಡಿಯುತ್ತಿದ್ದರು. “ಜೀವನದಲ್ಲಿ ಮೊದಲನೇ ಸಲ ನನ್ನ ಕೈಕೆಳಗೆ ಒಬ್ಬ ಕೆಲಸ ಮಾಡ್ತಿದಾನೆ,” ಎಂದು ಚಿಕ್ಕಪ್ಪನಿಗೆ ಕಾಗದ ಬರೆದಿದ್ದರಂತೆ.

ಆ ಕ್ಯಾಲ್ಕುಲೇಟರನ್ನು ಎರವಲು ತೆಗೆದುಕೊಂಡವರು ಐದು ನಿಮಿಷದಲ್ಲಿ ವಾಪಸು ತಂದುಕೊಡುತ್ತಿದ್ದರು. ಕಾರಣ, ಅದರಲ್ಲಿ ಸಮ ಚಿಹ್ನೆಯ ಗುಂಡಿಯೇ ಇಲ್ಲ. “ಸಾಹೇಬ್ರ, ಇದರಾಗ ‘ಆತು’ ಅನ್ನೂ ಗುಂಡೀನ ಇಲ್ಲಲ್ರೀ,” ಎಂದು ಆಫೀಸಿನ ಗುಮಾಸ್ತರೊಬ್ಬರು ಅದನ್ನು ಬೆರಳ ತುದಿಯಲ್ಲಿ ಹಿಡಿದು ಟೇಬಲ್ ಮೇಲಿಟ್ಟು ಹೋಗಿದ್ದರು. ಎರಡು ಒತ್ತಿ, ಎಂಟರ್ ಒತ್ತಿ, ಮೂರು ಒತ್ತಿ, ಕೊನೆಗೆ ಕೂಡುವ ಗುಂಡಿ ಒತ್ತಬೇಕು. ಪೋಲೆಂಡಿನ ತರ್ಕಶಾಸ್ತ್ರಿ ಯಾನ್ ಲುಕಾಸಿಯೆವಿಚ್ 1920ರ ದಶಕದಲ್ಲಿ ಕ್ರಿಯೆಯನ್ನು ಮೊದಲು, ಅಂಕೆಗಳನ್ನು ಆಮೇಲೆ ಬರೆಯುವ ಪದ್ಧತಿ ಕಂಡುಹಿಡಿದ. ಅದನ್ನು ತಿರುಗಿಸಿದರೆ ಬರುವ ಇದಕ್ಕೆ ‘ರಿವರ್ಸ್ ಪೋಲಿಷ್’ ಎಂದು ಹೆಸರು. ಜಗತ್ತು ಇದನ್ನು ತಿರುವುಮುರುವು ಅನ್ನುತ್ತದೆ. ಅಪ್ಪ ಒಪ್ಪುತ್ತಿರಲಿಲ್ಲ. “ಎರಡಕ್ಕೆ ಮೂರು ಕೂಡು. ಹನ್ನೆರಡನ್ನ ನಾಲ್ಕರಿಂದ ಭಾಗಿಸು. ನಾವು ಮಾತಾಡೋದೇ ಹೀಗಲ್ವೇನೋ? ಕ್ರಿಯಾಪದ ಕೊನೆಗೆ. ಇದು ಅಚ್ಚ ಕನ್ನಡದ ಕ್ಯಾಲ್ಕುಲೇಟರು.” ಅಡುಗೆಮನೆಯಿಂದ ಅಮ್ಮ ದನಿಗೂಡಿಸುವಳು: “ಬೆಲ್ಲ, ಕಾಯಿತುರಿ, ಏಲಕ್ಕಿ, ಕಲಸು. ಸರಿಯಾಗೇ ಇದೆಯಲ್ಲ.”

ಕನ್ನಡದ್ದೇ ಆದ್ದರಿಂದ ಪ್ರೋಗ್ರಾಂಗಳಿಗೂ ಅಪ್ಪ ಕನ್ನಡದ ಹೆಸರಿಟ್ಟರು, ಇಂಗ್ಲಿಷ್ ಅಕ್ಷರದಲ್ಲಿ. ಕಾಲುವೆಯದು ‘ನಾಲೆ’. ತಡೆಗೋಡೆಯದು ‘ಗೋಡೆ’. ಹೆಸರಿಗೆ ಏಳೇ ಅಕ್ಷರದ ಮಿತಿ ಇದ್ದದ್ದರಿಂದ ‘ಚರಂಡಿ’ಯ ಕೊನೆಯ ಅಕ್ಷರ ಒಳಗೆ ಹಿಡಿಸದೆ ಅದು ‘ಚರಂಡ್’ ಆಯಿತು. ಯಾರೋ ಪಂಜಾಬಿ ಗೆಳೆಯನ ಹೆಸರಿನ ಹಾಗೆ ಅದು ಪಟ್ಟಿಯಲ್ಲಿ ಕೊನೆಯವರೆಗೂ ಕೂತಿತ್ತು.

ಇಷ್ಟೆಲ್ಲವನ್ನೂ ಇಟ್ಟುಕೊಳ್ಳಲು ಅದಕ್ಕಿದ್ದ ಜಾಗ ಸುಮಾರು ಏಳು ಸಾವಿರ ಬೈಟ್. ಇವತ್ತಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು. ಹಾಗೆ ನೋಡಿದರೆ ನೀವೀಗ ಓದುತ್ತಿರುವ ಈ ಪ್ರಬಂಧವೇ ಅದರಲ್ಲಿ ಹಿಡಿಸದು. ಬೆಳಗಾದರೆ ಫೋನಿಗೆ ಬಂದು ಬೀಳುವ ಒಂದು ಗುಲಾಬಿ ಹೂವಿನ ಶುಭೋದಯಕ್ಕೆ ಇಂಥ ಹತ್ತಾರು ಯಂತ್ರಗಳಾದರೂ ಬೇಕಾದಾವು. ಆ ಏಳು ಸಾವಿರದಲ್ಲಿ ಅಪ್ಪ ಒಂದು ತಾಲ್ಲೂಕಿಗೆ ನೀರುಣಿಸುವ ಲೆಕ್ಕ ಇಟ್ಟಿದ್ದರು.

ಇಟ್ಟದ್ದು ಉಳಿಯುವುದೂ ಆ ಕಾಲಕ್ಕೆ ಹೊಸ ಸುಖವೇ. ಇದೇ ಕಂಪನಿಯ ಮೊದಲ ಅಂಗಿಜೇಬಿನ ಕ್ಯಾಲ್ಕುಲೇಟರ್ 1972ರ ಎಚ್‌ಪಿ-35. ಮೂವತ್ತೈದು ಗುಂಡಿ, 395 ಡಾಲರ್. 1975ರ ಎಚ್‌ಪಿ-25ರಲ್ಲಿ ನಲವತ್ತೊಂಬತ್ತು ಹೆಜ್ಜೆಯ ಪ್ರೋಗ್ರಾಂ ಬರೆಯಬಹುದಿತ್ತು, ಆದರೆ ಆಫ್ ಮಾಡಿದಿರೋ, ಶಿವಾಯ ನಮಃ. ನಾಳೆ ಬೆಳಿಗ್ಗೆ ಮತ್ತೆ ನಲವತ್ತೊಂಬತ್ತೂ ಒತ್ತಬೇಕು. ಮರುವರ್ಷ ಅದರ ಹೆಸರಿಗೆ ಒಂದು ‘ಸಿ’ ಸೇರಿತು. ‘ಕಂಟಿನ್ಯುಯಸ್ ಮೆಮೊರಿ’, ಅಂದರೆ ಆಫ್ ಮಾಡಿದರೂ ಮರೆಯುವುದಿಲ್ಲ. ನಿದ್ದೆಯಲ್ಲೂ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಳ್ಳುವ ಅಜ್ಜಿಯ ಹಾಗೆ, ಪರದೆ ಆರಿದ ಮೇಲೂ ಒಳಗೆ ಯಾರೋ ಸೆಲ್ಲಿನಿಂದ ಹನಿ ಹನಿ ಕರೆಂಟು ಹೀರುತ್ತ ಎಚ್ಚರವಾಗಿರುತ್ತಾರೆ. ಸೆಲ್ಲೇ ತೆಗೆದರೆ? ಅದಕ್ಕೂ ಒಂದು ಏರ್ಪಾಟಿತ್ತು. ಅಪ್ಪನ ಯಂತ್ರದೊಳಗೊಂದು ಪುಟ್ಟ ಕೆಪಾಸಿಟರ್. ನಲ್ಲಿ ನಿಂತರೂ ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ಇರುವಷ್ಟು ನೀರು ಬರುತ್ತದಲ್ಲ, ಹಾಗೆ. ಆದರೆ ಟ್ಯಾಂಕು ಚಿಕ್ಕದು. ಒಂದು ನಿಮಿಷ, ಅಷ್ಟೇ. ಆ ನಡುವೆ ಅಪ್ಪಿತಪ್ಪಿ ಆನ್ ಗುಂಡಿ ಒತ್ತಿದರೆ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದ ಹಾಗೆ, ಟ್ಯಾಂಕು ಬರಿದು.

ಬರಿದಾದರೆ ಪರದೆಯ ಮೇಲೆ ಎರಡು ಪದ ಬರುತ್ತವೆ. ಇದರ ಅಣ್ಣ, 1979ರ ಎಚ್‌ಪಿ-41ಸಿ, ಇಂಥ ಹೊತ್ತಿನಲ್ಲಿ ‘ಮೆಮೊರಿ ಲಾಸ್ಟ್’ ಎಂದು ಬರೆಯುತ್ತಿತ್ತು. ಕಳೆದುಹೋಯಿತು ಎಂಬ ಸಂಕಟವಾದರೂ ಅದರಲ್ಲಿತ್ತು. ತಮ್ಮನದು ‘ಮೆಮೊರಿ ಕ್ಲಿಯರ್’. ಒತ್ತುವರಿ ತೆರವು ಮಾಡಿಸಿ ವರದಿ ಒಪ್ಪಿಸಿದ ಹಾಗೆ.

ಆ ಎರಡು ಪದವನ್ನು ನಮ್ಮ ಮನೆಗೆ ತಂದವನು ನಾನು.

1999. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಹಟ ಮಾಡಿ ಒಂದು ಲೇಸರ್ ಲೈಟು ಕೊಡಿಸಿಕೊಂಡಿದ್ದೆ. ಕೀಚೈನಿಗೆ ನೇತುಹಾಕುವಂಥದು, ಬೆರಳುದ್ದ. ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ. ಆ ಚುಕ್ಕೆಯ ಹಿಂದೆ ಕ್ಯಾಂಪಿನ ಬೆಕ್ಕೊಂದು ಹುಚ್ಚೆದ್ದು ಓಡುತ್ತಿತ್ತು. ನಾಲ್ಕೇ ದಿನಕ್ಕೆ ಚುಕ್ಕೆ ಮಂಕಾಯಿತು, ಬೆಕ್ಕಿಗೂ ನನಗೂ ಊಟ ಸೇರದಾಯಿತು. ಲೈಟಿನ ಹಿಂದೆ ತಿರುಚಿ ನೋಡಿದರೆ ಒಳಗೆ ಮೂರು ಗುಂಡಿ ಸೆಲ್ಲು. ಅಂಗಡಿಯವರು ಎ.ಜಿ. ಹದಿಮೂರು ಅನ್ನುವ, ಕಂಪನಿಯವರು ಎಲ್‌ಆರ್44 ಅನ್ನುವ ಸೆಲ್ಲು. ಅಪ್ಪನ ಯಂತ್ರದಲ್ಲೂ ಅವೇ, ಎಣಿಸಿ ಮೂರು. ದೇವರೇ ನಿಂತು ಮಾಡಿಸಿದ ಹಾಗಿತ್ತು.

ನಾನು ಕಳ್ಳನೇನೂ ಅಲ್ಲ, ವಿನಿಮಯ ಮಾಡಿಕೊಂಡೆ. ಅಪ್ಪನ ಮೂರು ಹೊಸ ಸೆಲ್ಲು ಲೈಟಿಗೆ, ಲೈಟಿನ ಮೂರು ಸತ್ತ ಸೆಲ್ಲು ಅಪ್ಪನಿಗೆ. ಲೆಕ್ಕ ಸರಿಹೋಯಿತು. ಸಂಜೆ ಅಪ್ಪ ಬಂದು ಯಂತ್ರದ ಗುಂಡಿ ಒತ್ತಿದರು. ಪರದೆ ಖಾಲಿ. ಮುಚ್ಚಳ ತೆಗೆದು, ಸೆಲ್ಲು ನೋಡಿ, ಪೆಟ್ಟಿಗೆಯಿಂದ ಬೇರೆ ಮೂರು ಹಾಕಿದರು. ‘ಮೆಮೊರಿ ಕ್ಲಿಯರ್’. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಅವರ ಅಂಗಿಯ ಮೇಲೆ ಒಂದು ಕೆಂಪು ಚುಕ್ಕೆ ಹಾದುಹೋಯಿತು. ಅದರ ಹಿಂದೆಯೇ ಬೆಕ್ಕು.

ಬೈಯಲಿಲ್ಲ. ಬೈದಿದ್ದರೆ ಒಂದೇ ಸಂಜೆಗೆ ಮುಗಿಯುತ್ತಿತ್ತು. “ಬಾ ಇಲ್ಲಿ,” ಎಂದು ಹಳೆಯ ಲೆವೆಲ್ ಪುಸ್ತಕದ ಹಿಂಬದಿ ತೆಗೆದರು. ಪ್ರೋಗ್ರಾಂಗಳ ಹೆಜ್ಜೆಗಳೆಲ್ಲ ಅಲ್ಲಿ ಪೆನ್ಸಿಲಿನಲ್ಲಿದ್ದವು. “ನೀನು ಓದು, ನಾನು ಒತ್ತುತೀನಿ.” ಮೂರು ರಾತ್ರಿ. ಕರೆಂಟು ಹೋದಾಗ ಲಾಟೀನು. ಏನು ಓದುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಎಸ್‌ಟಿಒ ಸೊನ್ನೆ ಎರಡು, ಆರ್‌ಸಿಎಲ್ ಸೊನ್ನೆ ಐದು ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ನಿದ್ದೆಗಣ್ಣಿನಲ್ಲಿ ಒಂದು ಸಾಲು ಹಾರಿಸಿದರೆ ಅಪ್ಪ ಹಿಡಿದುಬಿಡುತ್ತಿದ್ದರು. “ಆ ಸಾಲು ಬಿಟ್ರೆ ಕೃಷ್ಣಾ ನದಿ ವಾಪಸು ಮಹಾಬಳೇಶ್ವರಕ್ಕೆ ಹೋಗುತ್ತೆ ಮಗಾ, ನಿಧಾನವಾಗಿ ಓದು.” ಮೂರನೇ ರಾತ್ರಿ ‘ಚರಂಡ್’ ಮುಗಿದಾಗ ಇಬ್ಬರೂ ಒಂದೊಂದು ಬಾಳೆಹಣ್ಣು ತಿಂದು ಮಲಗಿದೆವು. ಅದಾದ ಮೇಲೇ ಸೆಲ್ಲು ಬದಲಿಸುವ ಪೂಜೆಯಲ್ಲಿ ನನಗೆ ತಟ್ಟೆ ಹಿಡಿಯುವ ಹುದ್ದೆ ಸಿಕ್ಕಿದ್ದು. ಕದ್ದವನ ಕೈಗೇ ಕಾವಲು.

ಆ ಹುದ್ದೆಯ ಘನತೆ ನನಗೆ ಅರ್ಥವಾದದ್ದು ಇನ್ನೊಂದು ಬೇಸಿಗೆ, ಅಪ್ಪನ ಜೊತೆ ಸೈಟಿಗೆ ಹೋದಾಗ. ಸ್ಟಾಫ್ ಹಿಡಿಯುವ ಕಾಕಾ ಒಬ್ಬರಿದ್ದರು. ಸ್ಟಾಫ್ ಅಂದರೆ ಅಳತೆಯ ಗುರುತು ಬರೆದ ಎತ್ತರದ ಪಟ್ಟಿ. ದೂರದಲ್ಲಿ ಲೆವೆಲ್ ಯಂತ್ರ ಇಟ್ಟು ಅದರ ಮೇಲಿನ ಅಂಕಿ ಓದುತ್ತಾರೆ. ಓದಿಯಾದ ಮೇಲೆ ಯಂತ್ರವನ್ನು ಮುಂದಕ್ಕೆ ಒಯ್ಯಬೇಕು. ಆಗ ಈ ತನಕ ಅಳೆದದ್ದರ ಗತಿ? ಅದಕ್ಕೆ ‘ಚೇಂಜ್ ಪಾಯಿಂಟ್’ ಎಂಬ ಉಪಾಯ. ಗಟ್ಟಿ ಕಲ್ಲೊಂದರ ಮೇಲೆ ಸ್ಟಾಫ್ ನಿಲ್ಲಿಸಿ ಹಳೆಯ ಜಾಗದಿಂದ ಒಮ್ಮೆ ಓದುವುದು. ಯಂತ್ರ ಹೊತ್ತು ಮುಂದೆ ಹೋಗಿ, ಹೊಸ ಜಾಗದಿಂದ ಅದೇ ಸ್ಟಾಫನ್ನು ಇನ್ನೊಮ್ಮೆ ಓದುವುದು. ನಡುವೆ ಯಂತ್ರ ಎಲ್ಲೂ ನಿಂತಿಲ್ಲ, ಅಪ್ಪನ ಹೆಗಲ ಮೇಲಿದೆ. ಅಷ್ಟು ಹೊತ್ತು ಇಡೀ ಕಾಲುವೆಯ ಎತ್ತರ ನೆನಪಿಟ್ಟುಕೊಂಡು ನಿಂತಿರುವುದು ಆ ಕಲ್ಲು, ಅದರ ಮೇಲಿನ ಕಾಕಾ. ಬೀಡಿ ಸೇದಬೇಕೆನಿಸಿದರೂ ಕಾಕಾ ಕದಲುತ್ತಿರಲಿಲ್ಲ. “ನಾ ಕದಲಿದ್ರ ಕಾಲುವೀನ ಕದಲತೈತಿ ತಮ್ಮಾ,” ಅಂದಿದ್ದರು. ಸ್ಟೀಲ್ ತಟ್ಟೆ ಹಿಡಿದು ಕೂತ ಒಂದು ನಿಮಿಷಕ್ಕೆ ನಾನು ಕಾಕಾ ಆಗಿರುತ್ತಿದ್ದೆ.

ಅಪ್ಪ ನಿವೃತ್ತರಾಗಿ ಮೈಸೂರಿಗೆ ಬಂದರು. ಕಾಲುವೆ ಹಿಂದೆ ಉಳಿಯಿತು, ಯಂತ್ರ ಜೊತೆಗೆ ಬಂತು. ಹೋದ ವರ್ಷ ಅಪ್ಪ ಹೋದರು.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಅವರ ಮೇಜಿನ ಖಾನೆ ತೆಗೆದೆ. ಕವರಿನಿಂದ ಯಂತ್ರ ತೆಗೆದು ಗುಂಡಿ ಒತ್ತಿದರೆ ಎದ್ದಿತು. ಪರದೆಯಲ್ಲಿ ಒಂದು ಸಂಖ್ಯೆ: 2,106.00. ಮೇಲ್ಗಡೆ ಸೆಲ್ಲು ಮುಗಿಯುತ್ತಿದೆ ಎಂಬ ಪುಟ್ಟ ಚಿತ್ರ. ನಾನು ತಟ್ಟನೆ ಆಫ್ ಮಾಡಿದೆ. ಅಪ್ಪ ಕೊನೆಗೆ ಒತ್ತಿದ ಲೆಕ್ಕ. ಅದರ ಮೇಲೆ ಇನ್ನೊಂದು ಗುಂಡಿ ಒತ್ತಲು ಕೈ ಬರಲಿಲ್ಲ.

2,106 ಏನಿರಬಹುದು? ಕಾಲುವೆಯ ಮೇಲಿನ ಯಾವುದೋ ಜಾಗದ ದೂರವೇ? ಮೊದಲ ತೂಬು ಇಟ್ಟ ಜಾಗವೇ? ಎತ್ತರವಂತೂ ಅಲ್ಲ, ಆ ಸೀಮೆಯಲ್ಲಿ ಅಷ್ಟು ಮೀಟರ್ ಎತ್ತರಕ್ಕೆ ಹದ್ದೂ ಹಾರಲಾರದು. ನಮಗೆ ಹೇಳದೆ ಉಳಿಸಿದ ಯಾವುದೋ ಖಾತೆಯೇ? ರಾತ್ರಿ ಹಾಸಿಗೆಯಲ್ಲಿ ಅದನ್ನು ಅವಿಭಾಜ್ಯ ಅಂಶಗಳಾಗಿ ಒಡೆದು ನೋಡಿದೆ: ಎರಡು, ಮೂರು ನಾಲ್ಕು ಸಲ, ಹದಿಮೂರು. ಅದರಿಂದ ಏನೂ ತಿಳಿಯಲಿಲ್ಲ, ನಿದ್ದೆ ಬಂತು.

ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಫ್ರೀ42 ಎಂಬ ಉಚಿತ ಆ್ಯಪ್ ಇದೆ, ಈ ಯಂತ್ರದ ತದ್ರೂಪು. ಅದನ್ನೂ ಇಳಿಸಿಕೊಂಡು ಲೆವೆಲ್ ಪುಸ್ತಕ ನೋಡಿ ‘ನಾಲೆ’, ‘ಗೋಡೆ’, ‘ಚರಂಡ್’ ಮೂರನ್ನೂ ಮತ್ತೆ ತುಂಬಿದೆ. ಈ ಸಲ ಓದುವವನೂ ನಾನೇ, ಒತ್ತುವವನೂ ನಾನೇ. ಪ್ರೋಗ್ರಾಂಗಳೇನೋ ಉಳಿದವು. ಆದರೂ ಸಮಾಧಾನವಿಲ್ಲ. ಹಳೆಯ ಯಂತ್ರಕ್ಕೆ ಬೇರೆಲ್ಲಿಂದಲೂ ತುಂಬಿಸಿಕೊಳ್ಳುವ ದಾರಿಯಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಪ್ರಿಂಟರಿಗೆ ಹೇಳಬಲ್ಲದು, ಯಾರಿಂದಲೂ ಕೇಳಲಾರದು. ಅಪ್ಪನ ತಲೆಮಾರಿನ ಗಂಡಸರ ಹಾಗೆ ಎಂದು ನನ್ನ ಹೆಂಡತಿ ಅಂದಳು.

ಸೆಲ್ಲು ತರಲು ವಾಚ್ ರಿಪೇರಿ ಅಂಗಡಿಗೆ ಹೋದೆ. “ಯಾವುದಕ್ಕೆ ಸಾರ್?” ಕ್ಯಾಲ್ಕುಲೇಟರಿಗೆ ಅಂದೆ. “ಇನ್ನೂರು ರೂಪಾಯಿಗೆ ಹೊಸ ಕ್ಯಾಲ್ಕುಲೇಟರೇ ಬರುತ್ತಲ್ಲ ಸಾರ್.” ಹಳೆಯದರ ಮೆಮೊರಿ ಉಳೀಬೇಕು ಅಂದೆ. ಅವರು ಕಣ್ಣಿನ ಮಸೂರ ಮೇಲೆತ್ತಿ ನನ್ನನ್ನು ನೋಡಿ, ಏನೂ ಹೇಳದೆ ಮೂರು ಒಳ್ಳೆಯ ಸೆಲ್ಲು ಆರಿಸಿಕೊಟ್ಟರು.

ಮೂರು ಸೆಲ್ಲನ್ನು ಒಂದೊಂದಾಗಿ ಬದಲಿಸು, ಮಿಕ್ಕೆರಡರ ಕರೆಂಟಾದರೂ ಇರುತ್ತೆ ಎಂದು ಭಾವಮೈದ ಸಲಹೆ ಕೊಟ್ಟ. ಕೇಳಲು ಚೆನ್ನ, ನಡೆಯುವುದಿಲ್ಲ. ಅವು ಸಾಲಾಗಿ ನಿಂತ ಸೆಲ್ಲುಗಳು, ಕಾಂಕ್ರೀಟ್ ಹಾಕುವಾಗ ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವವರ ಹಾಗೆ. ನಡುವಿನ ಒಬ್ಬ ಬೀಡಿಗೆ ಹೋದರೂ ಬಾಂಡ್ಲಿ ಮೇಲೆ ಹತ್ತದು. ಬೇರೆ ಕೆಲವು ಯಂತ್ರಗಳಿವೆ, ಟಿಐ-83ರಂಥವು. ಅವುಗಳಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲಿನ ಜೊತೆಗೆ ನೆನಪಿಗೆಂದೇ ಒಂದು ಲಿಥಿಯಂ ಸೆಲ್ಲು ಪ್ರತ್ಯೇಕ. ಎರಡನ್ನೂ ಒಟ್ಟಿಗೆ ತೆಗೆಯದಿದ್ದರಾಯಿತು. ಸಾಹೇಬರೂ ಗುಮಾಸ್ತರೂ ಒಂದೇ ದಿನ ರಜೆ ಹಾಕದ ಹಾಗೆ. ನಮ್ಮದರಲ್ಲಿ ಆ ವೈಭವ ಇಲ್ಲ. ಹೊರಗಿನಿಂದ ತಂತಿ ಎಳೆದು ಬೇರೆ ಸೆಲ್ಲುಗಳ ಆಸರೆ ಕೊಟ್ಟು ನಿಧಾನವಾಗಿ ಬದಲಿಸುವವರೂ ಇದ್ದಾರೆ. ತಂತಿ ಜಾರಿ ಒಂದಕ್ಕೊಂದು ತಗಲಿದರೆ ಇರುವ ನಿಮಿಷವೂ ಹೋಗುತ್ತದೆ. ಅಪ್ಪನ ವಿಧಾನವೇ ಸರಿ ಎಂದು ತೀರ್ಮಾನಿಸಿದೆ.

ಫ್ಯಾನು ಆರಿಸಿದೆವು. ಚಾಪೆ, ಬಿಳಿ ಟವೆಲ್. ಎಂಟು ವರ್ಷದ ಮಗಳ ಕೈಗೆ ಸ್ಟೀಲ್ ತಟ್ಟೆ. ಅಮ್ಮ ಎಚ್‌ಎಂಟಿಗೆ ಕೀಲಿ ಕೊಟ್ಟು ಕಿವಿಗೆ ಹಿಡಿದಳು, ಓಡುತ್ತಿತ್ತು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಶುರುವಾದ ಕಾರ್ಖಾನೆಯ ವಾಚು. ವಾಚು ತಯಾರಿಕೆಯನ್ನು ಸರ್ಕಾರ 2016ರಲ್ಲಿ ಮುಚ್ಚಿತು. ವಾಚಿಗೆ ಆ ಸುದ್ದಿ ಯಾರೂ ಹೇಳಿಲ್ಲ.

“ಹೂಂ, ಶುರು,” ಅಂದೆ. ಅಪ್ಪನ ದನಿ ಬಂದ ಹಾಗಾಗಿ ಮೂವರೂ ಒಂದು ಕ್ಷಣ ಬೆಚ್ಚಿದೆವು. ಮುಚ್ಚಳ ಬಿಗಿಯಾಗಿತ್ತು, ಜಾರಿಸಿದೆ. ಹಳೆಯ ಸೆಲ್ಲು ಉದುರಿದವು. “ಹತ್ತು,” ಅಂದಳು ಅಮ್ಮ. ಒಂದು ಕೂರಿಸಿದೆ. “ಇಪ್ಪತ್ತು.” ಎರಡನೆಯದು. ಮೂರನೆಯದು ಬೆವರಿದ ಬೆರಳಿನಿಂದ ಜಾರಿ, ಟವೆಲ್ ದಾಟಿ, ಚಕ್ರದ ಹಾಗೆ ಉರುಳಿ ದಿವಾನದ ಅಡಿಗೆ ಹೋಯಿತು. “ಮೂವತ್ತು.” ಮಗಳು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದಳು. “ನಲವತ್ತು.” “ಸಿಕ್ತಾ ಪುಟ್ಟೀ?” “ಇಲ್ಲಪ್ಪ, ಇದು ಕಡಲೆಬೀಜ.” “ಐವತ್ತು.” ಧೂಳು ಮೆತ್ತಿದ ಕೈ ಹೊರಗೆ ಬಂತು, ಅದರಲ್ಲಿ ಸೆಲ್ಲು. ಟವೆಲ್ಲಿನಲ್ಲಿ ಒರೆಸಿದೆ. ತಿರುವುಮುರುವಾಗಿ ಹಿಡಿದಿದ್ದೆ, ಮತ್ತೆ ತಿರುಗಿಸಿದೆ. “ಐವತ್ತು,” ಅಂದಳು ಅಮ್ಮ ಇನ್ನೊಮ್ಮೆ. ಕೂರಿಸಿದೆ. ಮುಚ್ಚಳ ಅಡ್ಡಡ್ಡ ಹೋಯಿತು. “ಐವತ್ತು.” ಸರಿಯಾಯಿತು. ಟಕ್.

“ಏನಮ್ಮ, ಐವತ್ತರಲ್ಲೇ ನಿಂತುಬಿಟ್ಯಲ್ಲ? ವಾಚು ನಿಂತುಹೋಯ್ತಾ?”

“ವಾಚು ಓಡ್ತಾನೇ ಇತ್ತು. ಅರವತ್ತು ಅಂದ್ರೆ ನಿನ್ನ ಕೈ ಇನ್ನೂ ನಡುಗೋದು. ಅದಕ್ಕೇ ಅಲ್ಲೇ ಹಿಡ್ಕೊಂಡೆ.”

ಒಂದು ನಿಮಿಷ ಇಪ್ಪತ್ತು ಸೆಕೆಂಡು ಆಗಿತ್ತಂತೆ. ಗುಂಡಿ ಒತ್ತಿದೆ. ಪರದೆ ಒಂದು ಗಳಿಗೆ ಖಾಲಿ, ಆಮೇಲೆ 2,106.00. ಯಂತ್ರದ ಕೈಪಿಡಿಯಲ್ಲಿ ಬರೆದ ಒಂದು ನಿಮಿಷ ಜಾಗ್ರತೆಯ ಮಾತು. ಒಳಗಿನ ಟ್ಯಾಂಕಿನಲ್ಲಿ ಇನ್ನಷ್ಟು ನೀರಿತ್ತು. “ಇದೆ,” ಅಂದೆ. ಫ್ಯಾನು ಹಾಕಲು ಯಾರಿಗೂ ನೆನಪಾಗಲಿಲ್ಲ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲೆ ಬಗ್ಗಿದಳು. “ಎರಡು ಸಾವಿರದ ನೂರಾ ಆರು. ಇದು ಹಾಲಿನ ಲೆಕ್ಕ ಅಲ್ವೇನೋ?”

“ಯಾವ ಹಾಲು?”

“ನಮ್ಮ ಹಾಲು. ಹಾಲಿನವನ ಹಸು ಕರು ಹಾಕಿದ ತಿಂಗಳು. ಮೂರು ದಿನ ಬಂದಿರಲಿಲ್ಲ. ಇಪ್ಪತ್ತೇಳು ದಿನ, ದಿನಕ್ಕೆ ಒಂದೂವರೆ ಲೀಟರು. ನಾನು ಬಾಯಲ್ಲೇ ಹೇಳಿದೆ, ಇವರು ಕೇಳಲಿಲ್ಲ, ಮಷಿನ್ ತಗೊಂಡು ಕೂತರು.”

ಈ ಯಂತ್ರದಲ್ಲಿ ‘ಲಾಸ್ಟ್ ಎಕ್ಸ್’ ಎಂಬ ಒಂದು ಕೀಲಿ ಇದೆ. ಕೊನೆಯ ಲೆಕ್ಕದಲ್ಲಿ ಕೊನೆಗೆ ಒತ್ತಿದ ಸಂಖ್ಯೆಯನ್ನು ಅದು ಗುಟ್ಟಾಗಿ ಎತ್ತಿಟ್ಟುಕೊಂಡಿರುತ್ತದೆ, ಬೆಳಗಿನ ಮೊಸರಿನಿಂದ ಅಮ್ಮ ಹೆಪ್ಪಿಗೆಂದು ಎರಡು ಚಮಚ ಎತ್ತಿಡುವ ಹಾಗೆ. ಹದಿನಾಲ್ಕು ತಿಂಗಳ ಮೇಲೆ, ಇಷ್ಟು ಕಾಪಾಡಿದ ಪರದೆಯ ಮೇಲೆ, ನಾನು ಆ ಕೀಲಿ ಒತ್ತಿದೆ. 52 ಬಂತು. “ಲೀಟರಿಗೆ ಐವತ್ತೆರಡು,” ಅಂದಳು ಅಮ್ಮ, ಆಗಿನ ಬೆಲೆ. ಭಾಗಿಸಿದೆ: 40.5. ಒಂದೂವರೆಯಿಂದ ಭಾಗಿಸಿದೆ: 27. ಕಾಲುವೆ ಇಲ್ಲ, ಖಾತೆ ಇಲ್ಲ. ಮೂರು ದಿನ ಬಾರದ ಹಾಲಿಗೆ ಅಪ್ಪ ದುಡ್ಡು ಹಿಡಿದುಕೊಂಡಿದ್ದರು.

ಪರದೆಯಲ್ಲಿ 2,106 ಇರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅಮ್ಮನಿಗೆ ಅದರ ಗೊಡವೆ ಇದ್ದಂತಿರಲಿಲ್ಲ. “ಹೇಗೂ ಕೈಯಲ್ಲಿ ಹಿಡಿದಿದ್ದೀಯ, ಈ ತಿಂಗಳದ್ದೂ ಹಾಕಿಬಿಡು. ಇಪ್ಪತ್ತೊಂಬತ್ತು ದಿನ. ಒಂದು ದಿನ ನಾನೇ ಬೇಡ ಅಂದಿದ್ದೆ.”

ಇಪ್ಪತ್ತೊಂಬತ್ತು, ಎಂಟರ್, ಒಂದೂವರೆ, ಗುಣಿಸು. ಐವತ್ತಾರು, ಗುಣಿಸು. ಈ ತಿಂಗಳ ಹಾಲಿನ ಬಾಬ್ತು 2,436 ರೂಪಾಯಿ. ಲಾಸ್ಟ್ ಎಕ್ಸ್‌ನಲ್ಲಿ ಈಗ 56 ಇದೆ.